ಗುಡ್ಡದ ಮೇಲಿನ ನಿಲ್ದಾಣ: ಮಂಗಳೂರು ವಿಮಾನ ನಿಲ್ದಾಣದ ಇತಿಹಾಸ ಮತ್ತು ಕಾರ್ಯನಿರ್ವಹಣೆ

ವಿಮಾನಯಾನವೆಂದರೆ ಸಾಮಾನ್ಯವಾಗಿ ಮುಂಬಯಿ, ದೆಹಲಿ, ಚೆನ್ನೈಗಳಂತಹ ಮಹಾನಗರಗಳ ವಿಶಾಲ ನಿಲ್ದಾಣಗಳು ನಮ್ಮ ಕಣ್ಮುಂದೆ ಬರುತ್ತವೆ. ಆದರೆ ದೇಶದ ವಿಮಾನ ಸಂಚಾರದ ಗಣನೀಯ ಭಾಗವನ್ನು ಎರಡನೆಯ ಸಾಲಿನ ನಿಲ್ದಾಣಗಳು ನಿರ್ವಹಿಸುತ್ತವೆ. ಇವುಗಳಿಗೆ ವಿಶಾಲವಾದ ಭೂಮಿಯಾಗಲಿ, ಹಲವು ರನ್‌ವೇಗಳ ಅನುಕೂಲವಾಗಲಿ ಇರುವುದಿಲ್ಲ. ಆದರೂ ದೊಡ್ಡ ನಿಲ್ದಾಣಗಳಿಗೆ ಅನ್ವಯಿಸುವ ಅಂತಾರಾಷ್ಟ್ರೀಯ ಸುರಕ್ಷತಾ ನಿಯಮಗಳನ್ನೇ ಇವೂ ಪಾಲಿಸಬೇಕಾಗಿದೆ. ಇಂತಹ ನಿಲ್ದಾಣಗಳಲ್ಲಿ ಮಂಗಳೂರು ಅಂತಾರಾಷ್ಟ್ರೀಯ ವಿಮಾನ ನಿಲ್ದಾಣವೂ ಒಂದು. ಜನರ ಮಾತಿನಲ್ಲಿ ಇದು ಇಂದಿಗೂ 'ಬಜಪೆ ವಿಮಾನ ನಿಲ್ದಾಣ'ವೇ.

ಮುಂಬಯಿ ಹಾಗೂ ಪುಣೆಗಳಲ್ಲಿ ನೆಲೆಸಿರುವ ಕರಾವಳಿಯ ಕನ್ನಡಿಗರಿಗೆ ಈ ನಿಲ್ದಾಣ ಅಪರಿಚಿತವಲ್ಲ. ಕೊಂಕಣ ರೈಲುಮಾರ್ಗವು 1998ರ ಜನವರಿಯಲ್ಲಿ ಪೂರ್ಣವಾಗಿ ಸಂಚಾರಕ್ಕೆ ತೆರೆಯುವವರೆಗೆ ಮುಂಬಯಿಯಿಂದ ಮಂಗಳೂರಿಗೆ ಕರಾವಳಿಯುದ್ದಕ್ಕೂ ಸಾಗುವ ನೇರ ರೈಲು ಇರಲಿಲ್ಲ. ಘಟ್ಟದ ರಸ್ತೆಗಳಲ್ಲಿ ರಾತ್ರಿಯಿಡೀ ಸಾಗುವ ಬಸ್ಸೇ ಬಹುಜನರ ಆಸರೆಯಾಗಿತ್ತು. ಊರಿನಿಂದ ದುಃಖದ ವಾರ್ತೆ ಬಂದಾಗ ಅದೇ ದಿನ ತಲುಪಲು ಇದ್ದ ಮಾರ್ಗ ವಿಮಾನವೊಂದೇ. ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವ ದಕ್ಷಿಣ ಕನ್ನಡ, ಉಡುಪಿ ಹಾಗೂ ಕಾಸರಗೋಡು ಜಿಲ್ಲೆಗಳ ಸಾವಿರಾರು ಕುಟುಂಬಗಳಿಗೆ ಇದು ಮನೆಯ ಹೆಬ್ಬಾಗಿಲಾಗಿದೆ. ಈ ಹೆಬ್ಬಾಗಿಲು ಹೇಗೆ ನಿರ್ಮಾಣವಾಯಿತು, ಹೇಗೆ ಕೆಲಸ ಮಾಡುತ್ತದೆ, ಇದರ ಸುರಕ್ಷತೆ ಯಾವುದನ್ನು ಅವಲಂಬಿಸಿದೆ ಎಂಬುದನ್ನು ತಿಳಿಸುವುದು ಈ ಲೇಖನದ ಉದ್ದೇಶವಾಗಿದೆ.

ನೆಲದ ಸ್ವರೂಪ

ಮಂಗಳೂರು ನಗರದ ಕೇಂದ್ರದಿಂದ ಈಶಾನ್ಯಕ್ಕೆ ಸುಮಾರು 13 ಕಿಲೋಮೀಟರ್ ದೂರದಲ್ಲಿ, ಸಮುದ್ರ ಮಟ್ಟದಿಂದ 100 ಮೀಟರಿಗೂ ತುಸು ಹೆಚ್ಚು ಎತ್ತರದ ಗುಡ್ಡದ ಮೇಲೆ ಈ ನಿಲ್ದಾಣವಿದೆ. ಕರಾವಳಿಯಲ್ಲಿ ಸಮತಟ್ಟಾದ ಭೂಮಿ ವಿರಳ. ತಗ್ಗಿನ ಪ್ರದೇಶಗಳು ಗದ್ದೆ, ತೋಟ ಮತ್ತು ನದೀಪಾತ್ರಗಳಿಂದ ತುಂಬಿವೆ. ಅಲ್ಲಲ್ಲಿ ತಲೆಯೆತ್ತಿರುವ ಮುರಕಲ್ಲಿನ ಗುಡ್ಡಗಳ ನೆತ್ತಿ ಮಾತ್ರ ಹಾಸಿನಂತೆ ಚಪ್ಪಟೆಯಾಗಿರುತ್ತದೆ. ಈ ಭಾಗದ ಜನರು ಇಂತಹ ನೆಲವನ್ನು 'ಪದವು' ಎಂದು ಕರೆಯುತ್ತಾರೆ. ವಿಮಾನ ನಿಲ್ದಾಣಕ್ಕೆ ಒದಗಿದ್ದು ಇಂತಹ ಎತ್ತರದ ನೆಲವೇ.

ಮೇಜಿನ ಹಲಗೆಯಂತೆ ಮೇಲ್ಭಾಗ ಸಮತಟ್ಟಾಗಿದ್ದು ಅಂಚಿನಲ್ಲಿ ಕಣಿವೆಗೆ ಇಳಿಯುವ ಇಂತಹ ನಿಲ್ದಾಣವನ್ನು 'ಟೇಬಲ್‌ಟಾಪ್' ನಿಲ್ದಾಣವೆಂದು ಕರೆಯುವ ರೂಢಿಯಿದೆ. ಕೇರಳದ ಕೋಳಿಕ್ಕೋಡ್ ಮತ್ತು ಮಿಜೋರಾಮಿನ ಲೆಂಗ್‌ಪುಯಿ ನಿಲ್ದಾಣಗಳೂ ಇದೇ ಬಗೆಯವು. ಬಯಲಿನ ನಿಲ್ದಾಣದಲ್ಲಿ ರನ್‌ವೇ ದಾಟಿ ಮುಂದೆ ಹೋದ ವಿಮಾನವು ಮಣ್ಣಿನಲ್ಲಿ ಹೂತು ನಿಲ್ಲುವ ಸಾಧ್ಯತೆ ಹೆಚ್ಚು. ಟೇಬಲ್‌ಟಾಪ್ ನಿಲ್ದಾಣದಲ್ಲಿ ಅಂತಹ ಅವಕಾಶ ಬಹಳ ಕಡಿಮೆ. ಈ ಒಂದು ವ್ಯತ್ಯಾಸವೇ ಮಂಗಳೂರು ನಿಲ್ದಾಣದ ಚರಿತ್ರೆಯನ್ನೂ ಅದರ ದಿನನಿತ್ಯದ ಶಿಸ್ತನ್ನೂ ರೂಪಿಸಿದೆ.

ಆರಂಭದ ದಿನಗಳು

ಬಜಪೆಯ ನಿಲ್ದಾಣವು 1951ರ ಡಿಸೆಂಬರ್ 25ರಂದು ಆರಂಭವಾಯಿತು. ಅಂದು ಪ್ರಧಾನಮಂತ್ರಿ ಜವಾಹರಲಾಲ್ ನೆಹರೂ ಅವರು ಡಿ.ಸಿ.-3 ಡಕೋಟಾ ವಿಮಾನದಲ್ಲಿ ಇಲ್ಲಿಗೆ ಬಂದಿಳಿದರು. ಆಗ ದಕ್ಷಿಣ ಕನ್ನಡ ಜಿಲ್ಲೆಯು ಮದ್ರಾಸ್ ರಾಜ್ಯದ ಭಾಗವಾಗಿತ್ತು. ಭಾಷಾವಾರು ಪ್ರಾಂತ ರಚನೆಯಾಗಿ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಲು ಇನ್ನೂ ಐದು ವರ್ಷಗಳಿದ್ದವು. ದೇಶದ ವಿಮಾನ ಸಂಸ್ಥೆಗಳೂ ಅಂದು ಖಾಸಗಿಯವರ ಕೈಯಲ್ಲಿದ್ದವು. 1953ರಲ್ಲಿ ಅವು ರಾಷ್ಟ್ರೀಕರಣಗೊಂಡು ದೇಶದೊಳಗಿನ ಸೇವೆಗಾಗಿ ಇಂಡಿಯನ್ ಏರ್‌ಲೈನ್ಸ್ ಸಂಸ್ಥೆಯು ಅಸ್ತಿತ್ವಕ್ಕೆ ಬಂದಿತು.

ಮೊದಲ ರನ್‌ವೇಯ ಉದ್ದ 1,615 ಮೀಟರ್. ಪಂಖಗಳಿಂದ ಹಾರುವ ಸಣ್ಣ ವಿಮಾನಗಳಿಗೆ ಇಷ್ಟು ಸಾಕಾಗಿತ್ತು. ಮುಂದೆ ಬೋಯಿಂಗ್ 737 ಜೆಟ್ ವಿಮಾನಗಳೂ ಇದೇ ರನ್‌ವೇಯನ್ನು ಬಳಸತೊಡಗಿದಾಗ ಸ್ಥಳಾವಕಾಶದ ಕೊರತೆ ತೀವ್ರವಾಗಿ ಎದ್ದು ಕಂಡಿತು. ಸಣ್ಣ ವಿಮಾನಗಳಿಗೂ ಇಲ್ಲಿ ಅಪಾಯವಿಲ್ಲದಿರಲಿಲ್ಲ. 1981ರ ಆಗಸ್ಟ್ 19ರಂದು ಇಂಡಿಯನ್ ಏರ್‌ಲೈನ್ಸಿನ ಆವ್ರೋ ವಿಮಾನವೊಂದು ರನ್‌ವೇಯ ತುದಿಯನ್ನು ದಾಟಿ ಮುಂದೆ ಸಾಗಿತು. ಅದೃಷ್ಟವಶಾತ್ ಯಾರೂ ಪ್ರಾಣ ಕಳೆದುಕೊಳ್ಳಲಿಲ್ಲ. ಆದರೆ ಈ ಗುಡ್ಡದ ಮೇಲೆ ತಪ್ಪಿಗೆ ಅವಕಾಶ ಎಷ್ಟು ಕಿರಿದು ಎಂಬುದಕ್ಕೆ ಅದು ಮೊದಲ ಎಚ್ಚರಿಕೆಯಾಗಿತ್ತು.

ಎರಡನೆಯ ರನ್‌ವೇ ಮತ್ತು ಅಂತಾರಾಷ್ಟ್ರೀಯ ಸ್ಥಾನ

1974ರಲ್ಲಿ ನವಮಂಗಳೂರು ಬಂದರಿಗೆ ಪ್ರಮುಖ ಬಂದರಿನ ಸ್ಥಾನ ದೊರೆಯಿತು. ಬಳಿಕ ರಸಗೊಬ್ಬರ, ತೈಲ ಶುದ್ಧೀಕರಣ ಮೊದಲಾದ ಉದ್ಯಮಗಳು ಸ್ಥಾಪನೆಗೊಂಡವು. ವೈದ್ಯಕೀಯ ಹಾಗೂ ತಾಂತ್ರಿಕ ಶಿಕ್ಷಣ ಸಂಸ್ಥೆಗಳೂ ಬೆಳೆದವು. ಹೆಚ್ಚಿನ ಉದ್ದದ ರನ್‌ವೇಯ ಬೇಡಿಕೆ ಬಲವಾಯಿತು. ಹಳೆಯ ರನ್‌ವೇಯನ್ನು ವಿಸ್ತರಿಸಲು ಗುಡ್ಡ ಅವಕಾಶ ನೀಡದ ಕಾರಣ, ಬೇರೊಂದು ದಿಕ್ಕಿನಲ್ಲಿ ಎರಡನೆಯ ರನ್‌ವೇಯನ್ನು ನಿರ್ಮಿಸಲು ಯೋಜಿಸಲಾಯಿತು. ಭೂಸ್ವಾಧೀನ ಮತ್ತು ಸುರಕ್ಷತೆಯ ಪ್ರಶ್ನೆಗಳನ್ನು ಎತ್ತಿ ಸ್ಥಳೀಯ ನಿವಾಸಿಗಳು ನ್ಯಾಯಾಲಯದ ಮೊರೆ ಹೋದರು. ದೀರ್ಘ ಕಾಲದ ಬಳಿಕ ನಿರ್ಮಾಣ ಮುಗಿದು, 2,450 ಮೀಟರ್ ಉದ್ದದ ಹೊಸ ರನ್‌ವೇಯು 2006ರಲ್ಲಿ ಬಳಕೆಗೆ ತೆರೆದುಕೊಂಡಿತು.

ಅದೇ ವರ್ಷದ ಅಕ್ಟೋಬರಿನಲ್ಲಿ ದುಬೈಗೆ ನೇರ ವಿಮಾನ ಸೇವೆ ಆರಂಭವಾಯಿತು. ಅದುವರೆಗೆ ಮುಂಬಯಿಯಂತಹ ನಿಲ್ದಾಣಗಳಲ್ಲಿ ಇಳಿದು, ಸಾಮಾನು ಹೊತ್ತು ಮತ್ತೊಂದು ವಿಮಾನಕ್ಕೋ ಬಸ್ಸಿಗೋ ಕಾಯುತ್ತಿದ್ದ ದುಡಿಮೆಗಾರರು ನೇರವಾಗಿ ತಮ್ಮ ಊರಿನ ಗುಡ್ಡದ ಮೇಲೆ ಇಳಿಯುವಂತಾಯಿತು. 2010ರ ಮೇ ತಿಂಗಳಿನಲ್ಲಿ ಕೆಂಜಾರು ಕಡೆಯಲ್ಲಿ ಹೊಸ ಪ್ರಯಾಣಿಕರ ಕಟ್ಟಡ ಉದ್ಘಾಟನೆಗೊಂಡಿತು. 2012ರ ಅಕ್ಟೋಬರಿನಲ್ಲಿ ಕೇಂದ್ರ ಸಚಿವ ಸಂಪುಟವು ಮಂಗಳೂರಿಗೆ ಲಖನೌ, ವಾರಾಣಸಿ, ತಿರುಚಿರಾಪಳ್ಳಿ ಮತ್ತು ಕೊಯಮತ್ತೂರುಗಳೊಂದಿಗೆ ಅಂತಾರಾಷ್ಟ್ರೀಯ ನಿಲ್ದಾಣದ ಸ್ಥಾನಮಾನ ನೀಡಿತು.

ಆಡಳಿತ ಯಾರದು?

1995ರ ಏಪ್ರಿಲ್ 1ರಂದು ರಾಷ್ಟ್ರೀಯ ವಿಮಾನ ನಿಲ್ದಾಣ ಪ್ರಾಧಿಕಾರ ಮತ್ತು ಭಾರತೀಯ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣ ಪ್ರಾಧಿಕಾರಗಳು ವಿಲೀನಗೊಂಡು ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರ ರಚನೆಯಾಯಿತು. ಮಂಗಳೂರು ನಿಲ್ದಾಣವು 2020ರವರೆಗೆ ಈ ಪ್ರಾಧಿಕಾರದ ಆಡಳಿತದಲ್ಲಿತ್ತು. 2020ರ ಅಕ್ಟೋಬರ್ ಕೊನೆಯಲ್ಲಿ 50 ವರ್ಷಗಳ ಗುತ್ತಿಗೆಯ ಮೇಲೆ ಅದರ ನಿರ್ವಹಣೆ ಅದಾನಿ ಸಮೂಹಕ್ಕೆ ಹಸ್ತಾಂತರಗೊಂಡಿತು.

ಆದರೆ ನಿರ್ವಹಣೆ ಖಾಸಗಿಯವರದಾದ ಮಾತ್ರಕ್ಕೆ ಎಲ್ಲ ಕಾರ್ಯಗಳೂ ಅವರ ಪಾಲಾದವು ಎಂದಲ್ಲ. ಕಟ್ಟಡ, ರನ್‌ವೇ, ಅಗ್ನಿಶಾಮಕ ವ್ಯವಸ್ಥೆಗಳು ನಿರ್ವಾಹಕ ಸಂಸ್ಥೆಯ ಹೊಣೆ. ವಿಮಾನ ಸಂಚಾರ ನಿಯಂತ್ರಣವು ಇಂದಿಗೂ ವಿಮಾನ ನಿಲ್ದಾಣ ಪ್ರಾಧಿಕಾರದ ಕೈಯಲ್ಲಿದೆ. ಭದ್ರತೆಯನ್ನು ಕೇಂದ್ರೀಯ ಕೈಗಾರಿಕಾ ಭದ್ರತಾ ಪಡೆ ನೋಡಿಕೊಳ್ಳುತ್ತದೆ. ಸುಂಕ, ವಲಸೆ ತಪಾಸಣೆ ಮತ್ತು ಹವಾಮಾನ ಸೂಚನೆಗಳು ಆಯಾ ಕೇಂದ್ರ ಇಲಾಖೆಗಳ ಕೆಲಸ. ಇವೆಲ್ಲದರ ಮೇಲೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು ಪರವಾನಗಿ ನೀಡುವ ಮತ್ತು ಪರಿಶೀಲಿಸುವ ಅಧಿಕಾರ ಹೊಂದಿದೆ.

ವಿಮಾನ ಇಳಿಯುವ ಬಗೆ

ಮಂಗಳೂರಿನ ಮುಖ್ಯ ರನ್‌ವೇಯ ಎರಡು ತುದಿಗಳಿಗೆ 06 ಮತ್ತು 24 ಎಂಬ ಸಂಖ್ಯೆಗಳಿವೆ. ದಿಕ್ಸೂಚಿಯ ಕೋನವನ್ನು ಹತ್ತರಿಂದ ಭಾಗಿಸಿ ಈ ಸಂಖ್ಯೆಗಳನ್ನು ಕೊಡಲಾಗುತ್ತದೆ. 24 ಎಂದರೆ 240 ಡಿಗ್ರಿ, ಅಂದರೆ ಹೆಚ್ಚುಕಡಿಮೆ ನೈಋತ್ಯ ದಿಕ್ಕಿಗೆ ಮುಖಮಾಡಿ ಇಳಿಯುವುದು. ವಿಮಾನಗಳು ಸಾಧ್ಯವಾದಷ್ಟೂ ಎದುರುಗಾಳಿಗೆ ಮುಖಮಾಡಿಯೇ ಇಳಿಯುತ್ತವೆ. ಇದರಿಂದ ನೆಲದ ಮೇಲಿನ ವೇಗ ತಗ್ಗಿ, ನಿಲ್ಲಲು ಬೇಕಾಗುವ ದೂರ ಕಡಿಮೆಯಾಗುತ್ತದೆ.

ವಿಮಾನವು ಸುಮಾರು ಮೂರು ಡಿಗ್ರಿ ಇಳಿಜಾರಿನ ಕಾಲ್ಪನಿಕ ಪಥವನ್ನು ಹಿಡಿದು ಕೆಳಗಿಳಿಯುತ್ತದೆ. ಈ ಲೆಕ್ಕದಲ್ಲಿ ಪ್ರತಿ ಕಿಲೋಮೀಟರಿಗೆ ಸುಮಾರು 50 ಮೀಟರ್ ಇಳಿಯಬೇಕು. ರನ್‌ವೇಯ ಬಳಿಯಿಂದ ಹೊರಡುವ ರೇಡಿಯೋ ಸಂಕೇತಗಳು ಈ ಪಥವನ್ನು ಚಾಲಕರಿಗೆ ತೋರಿಸುತ್ತವೆ. ರನ್‌ವೇಯ ಪಕ್ಕದಲ್ಲಿರುವ ನಾಲ್ಕು ದೀಪಗಳ ಸಾಲು ಕಣ್ಣಿಗೆ ಅದೇ ಸೂಚನೆಯನ್ನು ನೀಡುತ್ತದೆ. ಎರಡು ಕೆಂಪು ಎರಡು ಬಿಳಿ ಕಂಡರೆ ವಿಮಾನ ಸರಿಯಾದ ಎತ್ತರದಲ್ಲಿದೆ ಎಂದರ್ಥ. ನಾಲ್ಕೂ ಬಿಳಿಯಾದರೆ ಹೆಚ್ಚು ಎತ್ತರದಲ್ಲಿದೆ, ನಾಲ್ಕೂ ಕೆಂಪಾದರೆ ಅಪಾಯಕರವಾಗಿ ಕೆಳಗಿದೆ ಎಂದು ತಿಳಿಯಬೇಕು. ಟೇಬಲ್‌ಟಾಪ್ ನಿಲ್ದಾಣದಲ್ಲಿ ಈ ದೀಪಗಳ ಮಹತ್ವ ಇನ್ನೂ ಹೆಚ್ಚು. ಕಣಿವೆಯ ಮೇಲಿಂದ ಬರುವಾಗ ಕಣ್ಣಳತೆ ಮೋಸ ಮಾಡುವ ಸಂಭವವಿರುತ್ತದೆ.

ವಿಮಾನದ ಚಕ್ರಗಳು ರನ್‌ವೇಯ ಆರಂಭದಿಂದ ಸುಮಾರು 300 ಮೀಟರ್ ಒಳಗೆ, ಗುರುತು ಮಾಡಿರುವ ಸ್ಥಳದ ಆಸುಪಾಸಿನಲ್ಲಿ ನೆಲವನ್ನು ಮುಟ್ಟಬೇಕು. ಪಥ ತಪ್ಪಿ ಎತ್ತರದಲ್ಲಿ ಬಂದರೆ ವಿಮಾನವು ರನ್‌ವೇಯ ಮೇಲೆಯೇ ತೇಲುತ್ತ ಮುಂದೆ ಸಾಗುತ್ತದೆ. ಹೀಗೆ ಬಿಟ್ಟುಹೋದ ಒಂದೊಂದು ಮೀಟರ್ ಉದ್ದವೂ ನಿಲ್ಲಲು ಬೇಕಾದ ಉದ್ದದಿಂದ ಕಳೆದುಹೋದಂತೆಯೇ. ಆದುದರಿಂದ ನಿಗದಿತ ಎತ್ತರಕ್ಕೆ ಬರುವಷ್ಟರಲ್ಲಿ ವೇಗ, ಇಳಿಜಾರು ಮತ್ತು ದಿಕ್ಕು ಮೂರೂ ಸ್ಥಿರವಾಗಿರಬೇಕೆಂಬ ನಿಯಮವಿದೆ. ಸ್ಥಿರವಾಗದಿದ್ದಲ್ಲಿ ಚಾಲಕನು ಇಳಿಯುವ ಪ್ರಯತ್ನವನ್ನು ಕೈಬಿಟ್ಟು, ಎಂಜಿನ್‌ಗಳಿಗೆ ಪೂರ್ಣ ಶಕ್ತಿ ನೀಡಿ ಮೇಲೇರಿ, ಒಂದು ಸುತ್ತು ಹಾಕಿ ಮತ್ತೆ ಬರಬೇಕು. ಇದನ್ನು 'ಗೋ ಅರೌಂಡ್' ಎನ್ನುತ್ತಾರೆ.

2010ರ ಮೇ 22

ಈ ನಿಯಮದ ಬೆಲೆಯನ್ನು ದೇಶವು ಅತ್ಯಂತ ದಾರುಣವಾದ ರೀತಿಯಲ್ಲಿ ತಿಳಿಯಬೇಕಾಯಿತು. 2010ರ ಮೇ 22ರ ಬೆಳಗ್ಗೆ ಸುಮಾರು ಆರು ಗಂಟೆಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ಸಂಸ್ಥೆಯ ಬೋಯಿಂಗ್ 737-800 ವಿಮಾನವು ರನ್‌ವೇ 24ರ ತುದಿಯನ್ನು ದಾಟಿ, ಕಣಿವೆಗೆ ಉರುಳಿ ಬೆಂಕಿಗೆ ಆಹುತಿಯಾಯಿತು. ವಿಮಾನದಲ್ಲಿದ್ದ 166 ಜನರಲ್ಲಿ 158 ಮಂದಿ ಮೃತಪಟ್ಟರು. ಬದುಕಿ ಉಳಿದವರು ಎಂಟು ಜನ ಮಾತ್ರ. ಮೃತದೇಹಗಳನ್ನು ಗುರುತಿಸಲು ಹೈದರಾಬಾದಿನ ಪ್ರಯೋಗಾಲಯದಲ್ಲಿ ಡಿ.ಎನ್.ಎ. ಪರೀಕ್ಷೆ ನಡೆಸಬೇಕಾಯಿತು. ಗುರುತು ಸಿಗದೆ ಉಳಿದವರನ್ನು ಮಂಗಳೂರಿನಲ್ಲಿಯೇ ಸಮಾಧಿ ಮಾಡಲಾಯಿತು.

ಏರ್ ಮಾರ್ಷಲ್ ಬಿ. ಎನ್. ಗೋಖಲೆ ಅವರ ನೇತೃತ್ವದ ತನಿಖಾ ನ್ಯಾಯಾಲಯವು ಘಟನೆಯನ್ನು ಕೂಲಂಕಷವಾಗಿ ಪರಿಶೀಲಿಸಿತು. ಆ ದಿನ ಹವೆ ಪ್ರತಿಕೂಲವಾಗಿರಲಿಲ್ಲ, ವಿಮಾನದಲ್ಲಿಯೂ ದೋಷವಿರಲಿಲ್ಲ. ಮುಖ್ಯ ಚಾಲಕರು ಹಾರಾಟದ ಅವಧಿಯಲ್ಲಿ ಒಂದೂವರೆ ಗಂಟೆಗೂ ಹೆಚ್ಚು ಕಾಲ ನಿದ್ರಿಸಿದ್ದು, ಅದರ ಮಂಪರು ಅವರ ತೀರ್ಮಾನ ಶಕ್ತಿಯ ಮೇಲೆ ಪರಿಣಾಮ ಬೀರಿದ್ದಿರಬಹುದೆಂದು ತನಿಖೆ ಅಭಿಪ್ರಾಯಪಟ್ಟಿತು. ನಿಲ್ದಾಣದ ರಾಡಾರ್ ಎರಡು ದಿನಗಳಿಂದ ಕೆಟ್ಟಿತ್ತು. ಇದರಿಂದ ವಿಮಾನಕ್ಕೆ ಕೆಳಗಿಳಿಯುವ ಅನುಮತಿಯು ಎಂದಿಗಿಂತ ಸಮೀಪದಲ್ಲಿ, ತಡವಾಗಿ ದೊರೆಯಿತು. ವಿಮಾನವು ಇರಬೇಕಾದುದಕ್ಕಿಂತ ಬಹಳ ಎತ್ತರದಲ್ಲಿಯೂ ಹೆಚ್ಚು ವೇಗದಲ್ಲಿಯೂ ಬಂದಿತು. ಸಹ ಚಾಲಕರು ಮೂರು ಬಾರಿ 'ಗೋ ಅರೌಂಡ್' ಎಂದು ಹೇಳಿದರು. ವಿಮಾನದ ಯಂತ್ರವೂ ಎಚ್ಚರಿಕೆ ನೀಡಿತು. ಆದರೂ ಇಳಿಯುವ ಪ್ರಯತ್ನ ಮುಂದುವರಿಯಿತು. ಸುಮಾರು 8,000 ಅಡಿ ಉದ್ದದ ರನ್‌ವೇಯಲ್ಲಿ 5,200 ಅಡಿ ಕಳೆದ ಮೇಲೆ ಚಕ್ರಗಳು ನೆಲವನ್ನು ಮುಟ್ಟಿದವು. ಉಳಿದದ್ದು 2,800 ಅಡಿ. ನೆಲ ಮುಟ್ಟಿದ ಬಳಿಕ, ತೀರ ತಡವಾಗಿ, ಮತ್ತೆ ಮೇಲೇರಲು ಪ್ರಯತ್ನಿಸಲಾಯಿತು. ವಿಮಾನವು ರನ್‌ವೇಯಾಚೆಗೆ ಸಾಗಿದಾಗ ಅದರ ರೆಕ್ಕೆಯು ಅಲ್ಲಿದ್ದ ಆಂಟೆನಾದ ಕಾಂಕ್ರೀಟ್ ಆಧಾರಕ್ಕೆ ಬಡಿಯಿತು.

ಅಸ್ಥಿರವಾದ ಇಳಿಕೆಯನ್ನು ಕೈಬಿಡದಿದ್ದುದೇ ದುರಂತದ ನೇರ ಕಾರಣವೆಂದು ತನಿಖಾ ನ್ಯಾಯಾಲಯವು ನಿರ್ಣಯಿಸಿತು. ಇಲ್ಲಿ ಒಂದು ವಿಷಯ ಗಮನಾರ್ಹವಾಗಿದೆ. ರನ್‌ವೇಯು ಆ ವಿಮಾನಕ್ಕೆ ಸಾಲದಷ್ಟು ಚಿಕ್ಕದಾಗಿರಲಿಲ್ಲ. ಅದೇ ಬಗೆಯ ವಿಮಾನಗಳು ಅಲ್ಲಿ ಪ್ರತಿದಿನವೂ ಸುರಕ್ಷಿತವಾಗಿ ಇಳಿಯುತ್ತಿದ್ದವು. ಆದರೆ ತಪ್ಪು ನಡೆದಾಗ ಅದನ್ನು ತಾಳಿಕೊಳ್ಳುವ ಹೆಚ್ಚುವರಿ ನೆಲ ಆ ಗುಡ್ಡದ ಮೇಲೆ ಇರಲಿಲ್ಲ. ತೀರ್ಮಾನ ಒಬ್ಬರದಾದರೂ ಅದರ ಪರಿಣಾಮವನ್ನು ಅಷ್ಟು ಘೋರವಾಗಿಸುವಲ್ಲಿ ನೆಲದ ಸ್ವರೂಪದ ಪಾತ್ರವೂ ಇತ್ತು. ಹತ್ತು ವರ್ಷಗಳ ಬಳಿಕ, 2020ರ ಆಗಸ್ಟ್ 7ರಂದು, ಕೋಳಿಕ್ಕೋಡಿನ ಟೇಬಲ್‌ಟಾಪ್ ನಿಲ್ದಾಣದಲ್ಲಿ ಮಳೆಯ ನಡುವೆ ಇಳಿದ ವಿಮಾನವೊಂದು ರನ್‌ವೇ ದಾಟಿ ಬಿದ್ದು 21 ಜನರು ಮೃತಪಟ್ಟದ್ದು ಇದೇ ಪಾಠವನ್ನು ಮತ್ತೊಮ್ಮೆ ನೆನಪಿಸಿತು.

ತುದಿಯಾಚೆಗಿನ ನೆಲ

ರನ್‌ವೇ ಮುಗಿದ ಮೇಲೆ 60 ಮೀಟರ್ ಉದ್ದದ ಪಟ್ಟಿಯೊಂದು ಇರಬೇಕೆಂದು ಅಂತಾರಾಷ್ಟ್ರೀಯ ನಿಯಮ ವಿಧಿಸುತ್ತದೆ. ಅದರಾಚೆಗೆ 'ಅಂತ್ಯ ಸುರಕ್ಷತಾ ವಲಯ' ಎಂಬ ತೆರವಾದ ನೆಲವಿರಬೇಕು. ಈ ವಲಯವು ಕನಿಷ್ಠ 90 ಮೀಟರ್ ಇರಬೇಕೆಂಬುದು ಕಡ್ಡಾಯ. ದೊಡ್ಡ ರನ್‌ವೇಗಳಲ್ಲಿ 240 ಮೀಟರ್ ಇರಲಿ ಎಂಬುದು ಶಿಫಾರಸು. ದುರಂತದ ಕಾಲದಲ್ಲಿ ಮಂಗಳೂರಿನಲ್ಲಿ 90 ಮೀಟರ್ ವಲಯವಿತ್ತು. ಅಂದರೆ ಕಡ್ಡಾಯ ನಿಯಮ ಪಾಲನೆಯಾಗಿತ್ತು, ಶಿಫಾರಸಿನ ಅಳತೆ ಇರಲಿಲ್ಲ. ಕಣಿವೆಯ ಅಂಚಿನಲ್ಲಿ ನೂರೈವತ್ತು ಮೀಟರ್ ನೆಲವನ್ನು ಹೊಸದಾಗಿ ಸೃಷ್ಟಿಸಬೇಕಾದರೆ ಆಳದಿಂದ ಮಣ್ಣು ತುಂಬಿಸಿ, ತಡೆಗೋಡೆ ಕಟ್ಟಿ, ಮಳೆನೀರು ಅದನ್ನು ಕೊಚ್ಚಿಕೊಂಡು ಹೋಗದಂತೆ ಕಾಪಾಡಬೇಕು. ಕಾಗದದ ಮೇಲೆ ಚಿಕ್ಕದಾಗಿ ಕಾಣುವ ಈ ಅಂತರವು ಗುಡ್ಡದ ನಿಲ್ದಾಣದಲ್ಲಿ ಬಹು ದೊಡ್ಡ ಕಾಮಗಾರಿಯಾಗುತ್ತದೆ.

ಮಳೆಗಾಲದ ಸವಾಲು

ಮಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳುಗಳಲ್ಲಿಯೇ ಸುರಿಯುತ್ತದೆ. ಒದ್ದೆಯಾದ ರನ್‌ವೇಯಲ್ಲಿ ಬ್ರೇಕುಗಳ ಹಿಡಿತ ತಗ್ಗುತ್ತದೆ. ನೀರು ನಿಂತಿದ್ದರೆ ಚಕ್ರಗಳು ನೆಲವನ್ನು ಬಿಟ್ಟು ನೀರಿನ ಪದರದ ಮೇಲೆ ಜಾರಬಹುದು. ಇಳಿಯುವ ವಿಮಾನಗಳ ಚಕ್ರಗಳಿಂದ ಉಜ್ಜಿ ಅಂಟಿಕೊಳ್ಳುವ ರಬ್ಬರ್ ಪದರವೂ ಜಾರಿಕೆಯನ್ನು ಹೆಚ್ಚಿಸುತ್ತದೆ. ಆದ್ದರಿಂದ ರಬ್ಬರನ್ನು ಕಾಲಕಾಲಕ್ಕೆ ತೆಗೆದು, ಮೇಲ್ಮೈಯ ಹಿಡಿತವನ್ನು ಯಂತ್ರದಿಂದ ಅಳೆಯಲಾಗುತ್ತದೆ.

ದೊಡ್ಡ ಜೆಟ್ ವಿಮಾನಗಳಿಗೆ ಬಳಕೆಯಾಗುವ ರನ್‌ವೇ ಇಲ್ಲಿ ಒಂದೇ ಆಗಿರುವುದರಿಂದ ದುರಸ್ತಿ ಕಾರ್ಯವೂ ಕಷ್ಟಕರ. 2023ರ ಮೊದಲ ತಿಂಗಳುಗಳಲ್ಲಿ ಕಾಂಕ್ರೀಟ್ ರನ್‌ವೇಗೆ ಡಾಂಬರಿನ ಹೊಸ ಮೇಲ್ಪದರ ಹಾಕುವಾಗ ಹಗಲಿನ ವಿಮಾನ ಸಂಚಾರವನ್ನು ನಿಲ್ಲಿಸಿ, ಮಳೆಗಾಲಕ್ಕೆ ಮುನ್ನವೇ ಕೆಲಸ ಮುಗಿಸಬೇಕಾಯಿತು. ದೊಡ್ಡ ನಗರದ ನಿಲ್ದಾಣವು ಒಂದು ರನ್‌ವೇ ಮುಚ್ಚಿದಾಗ ಮತ್ತೊಂದನ್ನು ಬಳಸಬಹುದು. ಎರಡನೆಯ ಸಾಲಿನ ನಿಲ್ದಾಣಕ್ಕೆ ಆ ಅನುಕೂಲವಿಲ್ಲ.

ಮಳೆ, ಮೋಡ ಅಥವಾ ಮಂಜಿನಿಂದ ಗೋಚರತೆ ನಿಗದಿತ ಮಿತಿಗಿಂತ ಕಡಿಮೆಯಾದಾಗ ವಿಮಾನವು ಆಕಾಶದಲ್ಲಿಯೇ ಸುತ್ತು ಹಾಕಿ ಕಾಯುತ್ತದೆ, ಇಲ್ಲವೇ ಬೆಂಗಳೂರು, ಕೊಚ್ಚಿಯಂತಹ ಬೇರೆ ನಿಲ್ದಾಣಕ್ಕೆ ತೆರಳುತ್ತದೆ. ಅದಕ್ಕೆ ಬೇಕಾಗುವ ಹೆಚ್ಚುವರಿ ಇಂಧನವನ್ನು ಹೊರಡುವಾಗಲೇ ತುಂಬಿಕೊಂಡಿರಬೇಕು ಎಂಬುದು ನಿಯಮ.

ಕಣ್ಣಿಗೆ ಕಾಣದ ಸೇವೆಗಳು

ನಿಲ್ದಾಣದ ಅಗ್ನಿಶಾಮಕ ದಳವು ರನ್‌ವೇಯ ಯಾವುದೇ ಭಾಗವನ್ನು ಮೂರು ನಿಮಿಷಗಳೊಳಗೆ, ಸಾಧ್ಯವಾದರೆ ಎರಡೇ ನಿಮಿಷಗಳಲ್ಲಿ ತಲುಪುವಂತಿರಬೇಕು. ಆದರೆ ವಿಮಾನವು ಕಣಿವೆಗೆ ಬಿದ್ದರೆ ಈ ಲೆಕ್ಕ ಬದಲಾಗುತ್ತದೆ. 2010ರಲ್ಲಿ ಕಡಿದಾದ ಇಳಿಜಾರು ಮತ್ತು ಇಕ್ಕಟ್ಟಾದ ರಸ್ತೆಗಳು ರಕ್ಷಣಾ ಕಾರ್ಯಕ್ಕೆ ಅಡ್ಡಿಯಾದವು. ನೆರೆಯ ಗ್ರಾಮಸ್ಥರೇ ಮೊದಲು ಸ್ಥಳಕ್ಕೆ ಧಾವಿಸಿದರು. ನಿಲ್ದಾಣದ ಸುತ್ತಲಿನ ರಸ್ತೆಗಳು ಮತ್ತು ನೆರೆಹೊರೆಯ ಜನರು ಸಹ ಸುರಕ್ಷತಾ ವ್ಯವಸ್ಥೆಯ ಅಂಗವೆಂಬುದನ್ನು ಇದರಿಂದ ತಿಳಿಯಬಹುದು.

ಪಕ್ಷಿಗಳ ಹಾವಳಿ ತಡೆಯುವುದೂ ಮಹತ್ವದ ಕಾರ್ಯ. ಎಂಜಿನ್ನಿನೊಳಗೆ ಹಕ್ಕಿ ಸಿಲುಕಿದರೆ ಅಪಾಯ ಸಂಭವಿಸಬಹುದು. ಕಸದ ರಾಶಿ ಮತ್ತು ಮಾಂಸದ ತ್ಯಾಜ್ಯಗಳು ಹದ್ದು, ಕಾಗೆಗಳನ್ನು ಆಕರ್ಷಿಸುವುದರಿಂದ, ನಿಲ್ದಾಣದಿಂದ ಹತ್ತು ಕಿಲೋಮೀಟರ್ ವ್ಯಾಪ್ತಿಯಲ್ಲಿ ಅವುಗಳನ್ನು ತೆರೆದ ಜಾಗದಲ್ಲಿ ಎಸೆಯುವುದನ್ನು ವಿಮಾನಯಾನ ನಿಯಮಗಳು ನಿಷೇಧಿಸಿವೆ.

ಪ್ರಯಾಣಿಕರು ತಿಳಿದಿರಬೇಕಾದುದು

ಇತ್ತೀಚಿನ ವರ್ಷಗಳಲ್ಲಿ ಈ ನಿಲ್ದಾಣವನ್ನು ವರ್ಷಕ್ಕೆ 20 ಲಕ್ಷದ ಆಸುಪಾಸಿನಲ್ಲಿ ಪ್ರಯಾಣಿಕರು ಬಳಸುತ್ತಿದ್ದಾರೆ. ಅವರಲ್ಲಿ ಪ್ರತಿಯೊಬ್ಬರೂ ಅರಿತಿರಬೇಕಾದ ಕೆಲವು ಸಂಗತಿಗಳಿವೆ.

ಇಳಿಯಲು ಬಂದ ವಿಮಾನವು ಹಠಾತ್ತನೆ ಮೇಲೇರಿದರೆ ಗಾಬರಿಪಡಬೇಕಾಗಿಲ್ಲ. ಅದು ಚಾಲಕನ ವೈಫಲ್ಯವಲ್ಲ, ಕರ್ತವ್ಯ ಪಾಲನೆ. ಮಂಗಳೂರಿಗೆ ಹೊರಟ ವಿಮಾನವು ಬೇರೊಂದು ಊರಿನಲ್ಲಿ ಇಳಿದರೆ ಪ್ರಯಾಣಿಕರಿಗೆ ತೊಂದರೆಯಾಗುವುದು ಸಹಜ. ಮದುವೆಯ ಮುಹೂರ್ತ ತಪ್ಪಬಹುದು, ಕೆಲಸಕ್ಕೆ ಹಾಜರಾಗುವ ದಿನ ಮೀರಬಹುದು. ಊಟ, ವಸತಿ, ಮುಂದಿನ ಪ್ರಯಾಣದ ಬಗ್ಗೆ ಸ್ಪಷ್ಟ ಮಾಹಿತಿ ಕೇಳುವುದು ಪ್ರಯಾಣಿಕರ ಹಕ್ಕೂ ಹೌದು. ಆದರೆ ಹೇಗಾದರೂ ಇಳಿಸಲೇಬೇಕಿತ್ತು ಎಂದು ಸಿಬ್ಬಂದಿಯ ಮೇಲೆ ಒತ್ತಡ ತರುವುದು ಸರಿಯಲ್ಲ.

ಇಳಿಯುವ ಸಮಯದಲ್ಲಿ ಸೊಂಟದ ಪಟ್ಟಿಯನ್ನು ಬಿಗಿಯಾಗಿ ಕಟ್ಟಿಕೊಂಡಿರಬೇಕು. ವಿಮಾನ ಪೂರ್ಣವಾಗಿ ನಿಲ್ಲುವ ಮುನ್ನ ಎದ್ದು ನಿಂತು ಸಾಮಾನು ತೆಗೆಯಬಾರದು. ತಮ್ಮ ಆಸನಕ್ಕೆ ಸಮೀಪದ ತುರ್ತು ಬಾಗಿಲು ಎಷ್ಟು ಸಾಲು ಮುಂದೆ ಅಥವಾ ಹಿಂದೆ ಇದೆ ಎಂಬುದನ್ನು ಎಣಿಸಿಟ್ಟುಕೊಳ್ಳುವುದು ಒಳ್ಳೆಯದು. ಹೊಗೆ ತುಂಬಿದಾಗ ಕಣ್ಣು ಕಾಣದಿದ್ದರೂ ಆಸನಗಳನ್ನು ಮುಟ್ಟಿ ಲೆಕ್ಕ ಹಾಕುತ್ತ ಹೊರಬರಬಹುದು. ತುರ್ತು ಸಂದರ್ಭದಲ್ಲಿ ಎಲ್ಲರೂ 90 ಸೆಕೆಂಡುಗಳಲ್ಲಿ ಹೊರಬರುವಂತೆ ವಿಮಾನಗಳನ್ನು ರೂಪಿಸಲಾಗಿರುತ್ತದೆ. ಒಬ್ಬರು ಚೀಲ ಎಳೆದುಕೊಳ್ಳಲು ನಿಂತರೂ ಹಿಂದಿನವರ ದಾರಿ ಕಟ್ಟುತ್ತದೆ.

ಮಂಗಳೂರು ನಿಲ್ದಾಣದ ಏಳು ದಶಕಗಳಿಗೂ ಮೀರಿದ ಇತಿಹಾಸವು ಕರಾವಳಿಯ ಜನರ ದುಡಿಮೆ, ವಲಸೆ ಮತ್ತು ಮರಳುವಿಕೆಯ ಇತಿಹಾಸವೂ ಆಗಿದೆ. ಗುಡ್ಡದ ಉದ್ದವನ್ನು ಮನಬಂದಂತೆ ಹೆಚ್ಚಿಸಲು ಸಾಧ್ಯವಿಲ್ಲ. ಅಲ್ಲಿ ಕೊರತೆಯಾಗಿರುವ ನೆಲವನ್ನು ನಿಯಮಪಾಲನೆಯಿಂದ, ಸುಸ್ಥಿತಿಯಲ್ಲಿರುವ ಉಪಕರಣಗಳಿಂದ ಮತ್ತು ಸಂದೇಹ ಬಂದಾಗ ಇಳಿಯದೆ ಮೇಲೇರುವ ವಿವೇಕದಿಂದ ತುಂಬಿಕೊಳ್ಳಬೇಕಾಗಿದೆ. ಮಂಗಳೂರಿನ ಕೂಳೂರು ಬಳಿ ಇರುವ ದುರಂತ ಸ್ಮಾರಕವು ಆ 158 ಜನರನ್ನು ನೆನಪಿಸುತ್ತದೆ. ಹತ್ತು ನಿಮಿಷ ತಡವಾಗಿಯಾದರೂ ಕ್ಷೇಮವಾಗಿ ಇಳಿಯುವ ಪ್ರತಿಯೊಂದು ವಿಮಾನವೂ ಅವರಿಗೆ ಸಲ್ಲುವ ನಿಜವಾದ ಗೌರವವಾಗಿದೆ.